ಕೊನೆಯ ಎಲೆಬುಟ್ಟಿ

ನಲ್ಲಿಯಡಿ ಅರಿವೆ ಹಿಡಿದಿದ್ದೆ, ಅಷ್ಟರಲ್ಲಿ ರೈಲಿನ ಗಾರ್ಡ್ ಸೀಟಿ ಊದಿದ್ದು ಕೇಳಿಸಿತು. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ ಮಧ್ಯಾಹ್ನ, ಸವಣೂರು ಸ್ಟೇಷನ್. ಜ್ವರದಿಂದ ಸುಡುತ್ತಿದ್ದ ನನ್ನ ಎಂಟು ತಿಂಗಳ ಮಗಳು ಗಾಡಿಯೊಳಗೆ, ನಾನು ಹೆಸರೂ ಕೇಳದ ಹೆಂಗಸೊಬ್ಬಳ ಮಡಿಲಲ್ಲಿದ್ದಳು.

ತಿಳವಳ್ಳಿಯಿಂದ ಬಸ್ಸಿನಲ್ಲಿ ಹಾವೇರಿಗೆ ಬಂದು, ಹುಬ್ಬಳ್ಳಿಯ ದವಾಖಾನೆಗೆಂದು ಗಾಡಿ ಹತ್ತಿದ್ದೆ. ಸವಣೂರಿನಲ್ಲಿ ವೀಳ್ಯದೆಲೆಯ ಬುಟ್ಟಿಗಳು ಏರುವತನಕ ಗಾಡಿ ಬಿಡುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆ ಧೈರ್ಯದ ಮೇಲೆ ಕೂಸಿನ ಹಣೆಗೆ ಹಾಕಲು ಅರಿವೆ ತೋಯಿಸಿಕೊಳ್ಳಲು ಇಳಿದಿದ್ದೆ. ನಲ್ಲಿಯ ಮುಂದೆ ಅಷ್ಟು ಮಂದಿ ಇರುತ್ತಾರೆಂದು ಎಣಿಸಿರಲಿಲ್ಲ.

ಓಡಿದೆ. ಕಾಲು ಸೀರೆಯಲ್ಲಿ ತೊಡರುತ್ತಿತ್ತು. ಗಾರ್ಡ್ ಹಸಿರು ಬಾವುಟ ಬಿಚ್ಚಿದ್ದ. ಆದರೆ ಗಾಡಿಯ ತುದಿಗಿದ್ದ ಅವನ ಡಬ್ಬಿಯ ಬಾಗಿಲಲ್ಲಿ ಕೊನೆಯ ಬುಟ್ಟಿಯನ್ನು ಅರ್ಧ ಒಳಗೆ, ಅರ್ಧ ಹೊರಗೆ ಹಿಡಿದುಕೊಂಡು ಎಲೆ ವ್ಯಾಪಾರದ ಮುದುಕರೊಬ್ಬರು ನಿಂತಿದ್ದರು. ನಾನು ಕೂಸನ್ನು ಕೊಟ್ಟು ಇಳಿದದ್ದನ್ನು ಅವರು ನೋಡಿದ್ದರೆಂದು ಕಾಣುತ್ತದೆ.

"ಲಗೂನ ಒಳಗ ತಳ್ಳೋ," ಎಂದು ಗಾರ್ಡ್ ಗದರಿಸುತ್ತಿದ್ದ.

"ಆ ಕೂಸಿನ ತಾಯಿ ಏರ್ಲಿ ತಡೀರಿ, ಆಮ್ಯಾಲ ಬುಟ್ಟಿ ಏರಿಸ್ತೇನಿ," ಎಂದರು ಮುದುಕರು, ಬುಟ್ಟಿಯ ಮೇಲಿನ ಕೈ ತೆಗೆಯದೆ.

ನಾನು ಹತ್ತಿದ ಮೇಲೆಯೇ ಗಾಡಿ ಅಲುಗಿತು. ಕೂಸನ್ನು ಎತ್ತಿಕೊಂಡಾಗ ಕೈಯಲ್ಲಿ ಅರಿವೆ ಇರಲಿಲ್ಲ. ಓಡುವಾಗ ಎಲ್ಲಿ ಬಿತ್ತೋ.

ಈಗ ಎಲೆ ಲಾರಿಯಲ್ಲಿ ಹೋಗುತ್ತದೆ, ಗಾಡಿ ಅಲ್ಲಿ ನಿಂತಂತೆ ಮಾಡಿ ಹೊರಡುತ್ತದೆ. ಆ ಮಗಳೇ ಈಗ ಎರಡು ಮಕ್ಕಳ ತಾಯಿ. ಸವಣೂರು ಬಂದಾಗ ಅವಳು ಕೂತಲ್ಲಿಂದ ಎದ್ದರೂ ಸಾಕು, ನನ್ನ ಕೈ ಅವಳ ಸೆರಗು ಹಿಡಿದಿರುತ್ತದೆ.