ಕಂಬದ ಪಕ್ಕದ ಛತ್ರಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬೆಳಗಾವಿಯ ಒಂದು ಬಾಡಿಗೆ ಖೋಲಿಯಲ್ಲಿ ಒಬ್ಬನೇ ಇದ್ದೆ. ಭಾನುವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹಳೆಯ ಗುಡಿ, ಬಸದಿಗಳ ಫೋಟೋ ತೆಗೆಯಲು ಹೊರಡುತ್ತಿದ್ದೆ. ಕಂಬ ಎಷ್ಟು ಎತ್ತರವೆಂದು ಫೋಟೋದಲ್ಲಿ ತಿಳಿಯಲಿ ಅಂತ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸುವುದು ವಾಡಿಕೆ. ನಿಲ್ಲಿಸಲು ನನಗೆ ಯಾರೂ ಇರಲಿಲ್ಲ. ನನ್ನ ಕಪ್ಪು ಛತ್ರಿಯನ್ನೇ ಕಂಬಕ್ಕೆ ಒರಗಿಸಿಡುತ್ತಿದ್ದೆ.

ಒಮ್ಮೆ ಕೋಟೆಯೊಳಗಿನ ಕಮಲ ಬಸದಿಯ ಫೋಟೋ ತರಲು ಸ್ಟುಡಿಯೋಕ್ಕೆ ಹೋದರೆ, ಒಂದರಲ್ಲೂ ಛತ್ರಿ ಇಲ್ಲ.

“ಛತ್ರಿ ಮರತು ಅಲ್ಲೇ ಇಟ್ಟಿದ್ರಿ. ಅಷ್ಟು ಕತ್ತರಿಸಿ ಪ್ರಿಂಟ್ ಹಾಕೀನಿ,” ಎಂದ ಸ್ಟುಡಿಯೋದವನು, ದೊಡ್ಡ ಉಪಕಾರ ಮಾಡಿದವನಂತೆ. “ಬಾಜೂಕ ಮನಿಮಂದಿನ್ನ ನಿಂದರಸ್ರಿ. ಬರೇ ಕಲ್ಲು ಯಾರು ನೋಡತಾರ?”

ಸಿಟ್ಟು ನೆತ್ತಿಗೇರಿತು. ದುಡ್ಡು ಕೊಟ್ಟು, ಫೋಟೋ ಎತ್ತಿಕೊಂಡು ಹೊರಬಂದೆ.

ಮುಂದಿನ ಭಾನುವಾರ ಖಾನಾಪುರದಲ್ಲಿ ಬಸ್ಸು ಬದಲಿಸಿ ಹಲಸಿಯ ಗುಡಿಗೆ ಹೋದೆ. ಇದನ್ನೂ ಮರೆತದ್ದು ಅನ್ನಲಿ ನೋಡೋಣ ಎಂದುಕೊಂಡು, ಸುಡುವ ಬಿಸಿಲಲ್ಲಿ ಛತ್ರಿಯನ್ನು ಬಿಚ್ಚಿ ಮೆಟ್ಟಿಲ ಮೇಲೆ ಇಟ್ಟೆ. ಗಾಳಿಗೆ ಹಾರದಂತೆ ಹಿಡಿಕೆಯ ಮೇಲೆ ಕಲ್ಲು ಹೇರಿದೆ.

ಈ ಸಲ ಫೋಟೋದಲ್ಲಿ ಛತ್ರಿ ಪೂರ್ತಿ ಇತ್ತು. ಅದರ ಹಿಂದೆ ಯಾರೋ ಬಿಸಿಲಿಗೆ ಮರೆಯಾಗಿ ಕುಳಿತಂತೆ ಕಾಣುತ್ತಿತ್ತು.

“ಹಿಂಗ ಇರಬೇಕ್ರಿ,” ಎಂದ ಸ್ಟುಡಿಯೋದವನು ಖುಷಿಯಿಂದ. “ಛತ್ರಿ ಹಿಂದ ಕುಂತಾವ್ರು ಯಾರ್ರಿ?”

“ನಮ್ಮವರು,” ಎಂದೆ.

“ಮುಂದಿನ ಸಲ ಅವರ ಮಾರಿ ಕಾಣೂ ಹಂಗ ಕುಂದರಸ್ರಿ.”