ಗೋಡೆಯಾಚೆಗೆ ಒಯ್ದ ಸಕ್ಕರೆ ನೀರು

ಅದಿರಿನ ಭರಾಟೆಯ ಕಾಲದಲ್ಲಿ ನಮ್ಮ ಮನೆ ಎರಡಾಯಿತು. ಮೈದುನ ತನ್ನ ಪಾಲಿನ ಹೊಲ ಮಾರಿ ಅದಿರು ಸಾಗಿಸಲು ಲಾರಿ ತಂದ. ನನ್ನ ಗಂಡನಿಗೆ ಅದು ಸರಿಬರಲಿಲ್ಲ. ಮಾತಿಗೆ ಮಾತು ಬೆಳೆದು ಮರಿಯಮ್ಮನಹಳ್ಳಿಯ ಆ ಮನೆಯ ನಡುವೆ ಗೋಡೆ ಎದ್ದಿತು. ಅತ್ತೆ ಮೈದುನನ ಕಡೆ ಉಳಿದರು. ಅವನ ಹೆಂಡತಿ ನಾನು ಎದುರಾದರೆ ಸೆರಗು ಕೊಡವಿ ಹೋಗುತ್ತಿದ್ದಳು. ನಾನೇನೂ ಕಡಿಮೆಯಿರಲಿಲ್ಲ. ಅವರ ಲಾರಿ ಬಂದು ನಿಂತಾಗಲೆಲ್ಲ, ನನ್ನ ಅಂಗಳದ ಕೆಂಪು ದೂಳನ್ನು ಅವಳಿಗೆ ಕೇಳುವಂತೆ ಬೈಯುತ್ತಲೇ ಗುಡಿಸುತ್ತಿದ್ದೆ.

ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ನರ್ಸಮ್ಮ ತಾಯಂದಿರನ್ನು ಕೂಡಿಸಿ ತಿಳಿವಳಿಕೆ ಹೇಳುತ್ತಿದ್ದರು. ಒಮ್ಮೆ ಭೇದಿಯ ವಿಷಯ ತೆಗೆದರು. ಕೂಸಿಗೆ ಭೇದಿಯಾದಾಗ ನೀರನ್ನಾಗಲಿ ಎದೆಹಾಲನ್ನಾಗಲಿ ನಿಲ್ಲಿಸಲೇಬಾರದು ಎಂದರು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕಲಸಿ ತೋರಿಸಿದರು. ಆ ದಿನ ಮೈದುನನ ಹೆಂಡತಿ ಬಂದಿರಲಿಲ್ಲ.

ಬೇಸಿಗೆಯಲ್ಲಿ ಅವಳ ಕೂಸಿಗೇ ಭೇದಿ ಹತ್ತಿತು. ಮೈದುನ ಲಾರಿಯೊಂದಿಗೆ ಬಂದರಿಗೆ ಹೋಗಿದ್ದ. ನೀರು ಕುಡಿಸಿದರೆ ಇನ್ನೂ ಹೋಗುತ್ತದೆಂದು ಅತ್ತೆ ತಡೆಯುತ್ತಿದ್ದುದು ಗೋಡೆಯಾಚೆಯಿಂದ ಕೇಳುತ್ತಿತ್ತು. ಬೆಳಿಗ್ಗೆ ಜೋರಾಗಿ ಅಳುತ್ತಿದ್ದ ಕೂಸು ಮಧ್ಯಾಹ್ನಕ್ಕೆ ಬರೀ ನರಳತೊಡಗಿತು. ಆ ಹೊಸ್ತಿಲು ತುಳಿಯಬಾರದೆಂದು ನನ್ನ ಗಂಡ ಆಣೆ ಮಾಡಿಸಿದ್ದ. ಆದರೂ ನೀರು ಕುದಿಸಿ, ಆರಿಸಿ, ಸಕ್ಕರೆ ಉಪ್ಪು ಕಲಸಿಕೊಂಡು ಹಿತ್ತಲ ಬಾಗಿಲಿನಿಂದ ಒಳಹೊಕ್ಕೆ.

ಅವಳು ನನ್ನತ್ತ ನೋಡಲೂ ಇಲ್ಲ. "ಅತ್ತೀ, ಇವ್ರನ್ನ ಯಾರ್ ಕರದ್ರು?" ಎಂದಳು.

ಕೂಸಿನ ಕಣ್ಣು ಗುಳಿ ಬಿದ್ದಿದ್ದವು, ತುಟಿ ಒಣಗಿತ್ತು. ನರ್ಸಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಅತ್ತೆ ಬೇಡವೆಂದರು. ಅವಳು ಮಾತ್ರ ನನ್ನ ಕೈಯ ಲೋಟದತ್ತ ಬೆರಳು ಮಾಡಿ, "ಮೊದ್ಲ ತಾವು ಕುಡೀಲಿ," ಎಂದಳು.

ಅವಳ ಮುಖ ನೋಡುತ್ತಲೇ ಒಂದು ಗುಟುಕು ಕುಡಿದೆ. ಅವಳು ಲೋಟ ಕಿತ್ತುಕೊಂಡಳು. ಕೂಸನ್ನು ನನ್ನ ಕೈಗೆ ಕೊಡದೆ ತಾನೇ ಚಮಚದಲ್ಲಿ ಗುಟುಕು ಗುಟುಕಾಗಿ ಹಾಕಿದಳು. ನಾನು ಹೊರಬಂದು ನರ್ಸಮ್ಮನಿಗೆ ಹೇಳಿಕಳಿಸಿದೆ. ಸಂಜೆ ಅವರು ಬರುವಷ್ಟರಲ್ಲಿ ಕೂಸು ಉಚ್ಚೆ ಹೊಯ್ದಿತ್ತು, ಎದೆಹಾಲನ್ನೂ ಕುಡಿದಿತ್ತು.

ಮುಂದಿನ ಸಭೆಯಲ್ಲಿ ನರ್ಸಮ್ಮ ಅವಳನ್ನು ಎಬ್ಬಿಸಿ ನಿಲ್ಲಿಸಿ, ಕೂಸನ್ನು ಉಳಿಸಿಕೊಂಡ ಜಾಣೆ ಎಂದು ಹೊಗಳಿದರು. ಅವಳು ನೀರು ಕುದಿಸಿದ್ದರಿಂದ ಹಿಡಿದು ಎಲ್ಲವನ್ನೂ ತಾನೇ ಮಾಡಿದಂತೆ ವಿವರಿಸಿದಳು. ನನ್ನಿಂದ ತಡೆಯಲಾಗಲಿಲ್ಲ.

"ಮಾಡಿ ತಂದಾಕಿ ನಾನು," ಎಂದೆ.

"ತಂದಿದ್ದು ಖರೆ," ಎಂದಳು ಅವಳು, ಕುಳಿತ ಹೆಂಗಸರತ್ತ ತಿರುಗಿ. "ಕೂಸು ಸಾಯ್ತೈತೇನೋ ಅಂತ ನೋಡಾಕ ಬಂದಿದ್ರು."

ನರ್ಸಮ್ಮ ಚುಚ್ಚುಮದ್ದಿನ ವಿಷಯಕ್ಕೆ ಹೋದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ. ಮತ್ತೆ ಆ ಸಭೆಗೆ ಹೋಗಲಿಲ್ಲ. ಊರಲ್ಲಿ ಯಾರ ಮಗುವಿಗೆ ಭೇದಿಯಾದರೂ ಅವಳನ್ನೇ ಕರೆಯುತ್ತಿದ್ದರಂತೆ. ಅವಳೂ ಹೋಗಿ ಸರಿಯಾಗಿಯೇ ಕಲಿಸಿಬರುತ್ತಿದ್ದಳಂತೆ.

ಆ ಕೂಸು ಈಗ ಎತ್ತರದ ಹುಡುಗ. ಎದುರಾದರೆ ಮುಖ ತಿರುಗಿಸುತ್ತಾನೆ, ಮನೆಯಲ್ಲಿ ಹಾಗೆ ಕಲಿಸಿದ್ದಾರೆ. ತಿರುಗಿಸಲಿ. ನನಗೂ ಅವರ ಮಾತು ಬೇಕಿಲ್ಲ.