ಕಾಗೆ ಹುಡುಕುತ್ತ ನಾಲೆಯ ಏರಿ ಮೇಲೆ

ಅಮ್ಮ ಸತ್ತ ಮೇಲೆ ಬಂದ ಮೊದಲ ಮಹಾಲಯ ಅಮಾವಾಸ್ಯೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹೆಡತಲೆ ಎಂಬ ಊರಿನ ನಮ್ಮ ಮನೆಯಲ್ಲಿ ಆಗ ಅಪ್ಪ ಮತ್ತು ಮಗಳಾದ ನಾನು, ಇಬ್ಬರೇ. ಬೆಳಗಿನಿಂದ ಅಡುಗೆ ಮಾಡಿ ಅಮ್ಮನಿಗೆ ಎಡೆ ಇಟ್ಟೆವು. ಅದನ್ನು ಕಾಗೆಗೆಂದು ಹೆಂಚಿನ ಮೇಲಿಟ್ಟು ಕಾದೆವು. ಕಾಗೆ ಬರಲಿಲ್ಲ. ಅಂದು ಊರಿನ ಮನೆಮನೆಯ ಮೇಲೂ ಎಡೆ. ಕಾಗೆಗಳಿಗೆ ಹೊಟ್ಟೆ ಬಿರಿದಿರಬೇಕು. ಆದರೆ ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಮನೆಯವರ ಮೇಲೆ ಮುನಿಸು ಎಂದೇ ನಮ್ಮಲ್ಲಿ ನಂಬಿಕೆ.

"ಅವ್ಳಿಗೆ ಏನೋ ಕ್ವಾಪ ಐತೆ ಕಣವ್ವ," ಎಂದ ಅಪ್ಪ, ಎಡೆಯನ್ನು ತಟ್ಟೆಗೆ ಹಾಕಿಕೊಂಡು ಕಾಗೆ ಹುಡುಕಲು ನಾಲೆಯ ಕಡೆ ಹೊರಟ.

ನಾನು ಹಿಂದೆ ನಡೆದೆ. ನನಗೆ ದುಃಖವೂ ಇರಲಿಲ್ಲ. ಅಮ್ಮ ಹೋದಾಗಿನಿಂದ ಮನಸ್ಸು ಜೋಮು ಹಿಡಿದ ಕಾಲಿನ ಹಾಗಿತ್ತು. ಕಣ್ಣಿಗೆ ಬಿದ್ದದ್ದನ್ನು ನೋಡುತ್ತಿದ್ದೆ, ಅಷ್ಟೆ. ಮಳೆ ಬಿಟ್ಟು ಬಿಸಿಲು ತೆಳುವಾಗಿತ್ತು. ತಂಗಡಿ ಹಳದಿ ಹೂ ಬಿಟ್ಟಿತ್ತು. ಹೊಂಗೆ ಎಲೆಗಳ ಮೇಲೆಲ್ಲ ಸಣ್ಣ ಸಣ್ಣ ಗಂಟು. ಒಂದನ್ನು ಕಿತ್ತು ಉಗುರಿನಿಂದ ಒತ್ತಿ ಎಸೆದೆ. ಗದ್ದೆಯಲ್ಲಿ ಬೆಳ್ಳಕ್ಕಿ, ತಂತಿಯ ಮೇಲೆ ಮಿಂಚುಳ್ಳಿ, ನೀರಿನಂಚಿನಲ್ಲಿ ಬಾಲ ಕುಣಿಸುವ ಕುಂಡೆಕುಸ್ಕ. ಬೇಕಾದ ಹಕ್ಕಿಯೊಂದನ್ನು ಬಿಟ್ಟು ಮಿಕ್ಕವೆಲ್ಲ ಹಾಜರು.

ಪೊದೆಯಿಂದ ಕೆಂಬೂತವೊಂದು ಹೊರಬಂತು.

"ಇದೂ ಕರ್ರಗೈತಲ್ಲಪ್ಪ, ಇದ್ಕೇ ಇಕ್ಬುಡು."

"ತಮಾಸೆ ಮಾಡ್ಬ್ಯಾಡ ಕಣವ್ವ. ವರ್ಸಕ್ಕೊಂದ್ ದಪ ಉಣ್ಣಾಕ್ ಬತ್ತಾಳೆ."

ನಾನು ತಮಾಷೆ ಮಾಡಿರಲಿಲ್ಲ. ಯಾವ ಹಕ್ಕಿ ತಿಂದರೂ ಸರಿ, ಮನೆಗೆ ಹೋದರೆ ಸಾಕಾಗಿತ್ತು.

ಒಂದು ಆಲದ ಮರದಡಿ ಕಲ್ಲಿನ ಮೇಲೆ ತಟ್ಟೆ ಇಟ್ಟು ಅಪ್ಪ ಕೈಮುಗಿದ. "ಕಾ, ಕಾ" ಎಂದು ಗಂಟಲು ಕಟ್ಟುವವರೆಗೆ ಕರೆದ. ಹೊತ್ತು ವಾಲಿತು. ಹಣ್ಣು ಕುಕ್ಕುತ್ತಿದ್ದ ಗೊರವಂಕಗಳೂ ಕೆಳಗೆ ನೋಡಲಿಲ್ಲ. ಅಪ್ಪ ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿದ್ದ. ಕೊನೆಗೆ ಬೇರಿನ ಮೇಲೆ ಕುಸಿದು ಕೂತ. ತಟ್ಟೆಯನ್ನೇ ನೋಡಿದ.

"ಅವ್ಳು ಯಾವತ್ತಾರ ನಮ್ಗಿಂತ ಮುಂಚೆ ಉಂಡವ್ಳಾ?" ಎಂದ.

ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ವಡೆ ಮುರಿದು ಅರ್ಧ ನನ್ನ ಕೈಗಿಟ್ಟ. "ಉಣ್ಣವ್ವ. ನಾವ್ ಉಣ್ಣಗಂಟ ಅವ್ಳು ಬರಾಕಿಲ್ಲ."

ಒಂದೇ ತಟ್ಟೆಯಲ್ಲಿ ಇಬ್ಬರೂ ಉಂಡೆವು. ಅಂಚಿನಲ್ಲಿ ಒಂದಿಷ್ಟು ಅನ್ನ, ಒಂದು ಮುರುಕು ಕಜ್ಜಾಯ ಬಿಟ್ಟು, ತಟ್ಟೆಯನ್ನು ಕಲ್ಲಿನ ಮೇಲೆಯೇ ಇಟ್ಟು ಎದ್ದೆವು. ಅಮ್ಮನಿಗೆ ದಿನವೂ ಉಳಿಯುತ್ತಿದ್ದದ್ದು ಅಷ್ಟೇ.